ಏಳೂವರೆ ನಿಮಿಷದ ವಿಮಾನ

ಬೇಸಿಗೆ ರಜೆ ಎನ್ನುವುದು ಮಕ್ಕಳಿಗೆ ರಜೆ, ನಮಗೆ ಉತ್ತರಪತ್ರಿಕೆಗಳ ಕಾಲ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಕಟ್ಟು ಬಿಚ್ಚಿಕೊಂಡು, ಕೆಂಪು ಪೆನ್ನು ಹಿಡಿದು ಜಗಲಿಯಲ್ಲಿ ಕೂತಿದ್ದೆ. ಒಳಕೋಣೆಯಿಂದ ಒಂದೇ ಸಮನೆ ಭುಸ್ ಎಂಬ ಸದ್ದು, ಅದರ ಹಿಂದೆಯೇ ಢಮಾರ್, ಅದರ ಹಿಂದೆ "ಛೇ!" ಎಂಬ ಉದ್ಗಾರ. ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗ ಲ್ಯಾಪ್‌ಟಾಪಿಗೆ ಜಾಯ್‌ಸ್ಟಿಕ್ ಎಂಬ, ಬಸ್ಸಿನ ಗೇರಿನಂಥ ಕೋಲೊಂದನ್ನು ಸಿಕ್ಕಿಸಿಕೊಂಡು ಯುದ್ಧವಿಮಾನ ಹಾರಿಸುತ್ತಿದ್ದ. ಹಲಸಿನ ಹಪ್ಪಳ ಕರಿದು ಮುಂದಿಟ್ಟರೂ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಕೈ ಮಾತ್ರ ತಟ್ಟೆಯನ್ನು ಹುಡುಕಿಕೊಂಡು ಬಂತು.

"ಎಷ್ಟು ಸಲ ಸತ್ತೆ ಮಾರಾಯ?" ಎಂದೆ.

"ಐದು ಸಲ ದೊಡ್ಡಮ್ಮ. ಆದ್ರೆ ನಾಲ್ಕು ಬಾಂಬರ್ ಹೊಡೆದೆ."

ಒಂದು ಗಂಟೆಯೊಳಗೆ ಐದು ಸಲ ಸತ್ತು ಹಪ್ಪಳ ತಿನ್ನುವ ಭಾಗ್ಯ ಯಾರಿಗುಂಟು! ಅವನು ಹಾರಿಸುತ್ತಿದ್ದ ವಿಮಾನಕ್ಕೆ ಬಾಲದ ರೆಕ್ಕೆಯಿಲ್ಲ, ಮೂತಿ ಮೊಂಡು, ನೋಡಿದರೆ ದಪ್ಪ ಬಾವಲಿಯ ಹಾಗೆ. ನಾನು ನಕ್ಕಿದ್ದು ಅವನಿಗೆ ಹಿಡಿಸಲಿಲ್ಲ. "ಇದು ಸುಮ್ಮನೆ ಆಟ ಅಲ್ಲ ದೊಡ್ಡಮ್ಮ, ಸಿಮ್ಯುಲೇಟರ್. ಎಲ್ಲಾ ಹಿಸ್ಟಾರಿಕಲಿ ಕರೆಕ್ಟ್. ನೀನು ಹಿಸ್ಟರಿ ಟೀಚರ್ ಅಲ್ವಾ, ಬೇಕಾದ್ರೆ ಚೆಕ್ ಮಾಡು" ಎಂದ.

ತಪ್ಪು ಹುಡುಕುವುದಕ್ಕೇ ಇಷ್ಟು ವರ್ಷ ಸಂಬಳ ಎಣಿಸಿದವಳಿಗೆ ಹೀಗೆ ಸವಾಲು ಹಾಕಬಹುದೆ? ಆ ಕಟ್ಟು ಮುಗಿಸಿದವಳೇ ಈ ಹೊಸ ಉತ್ತರಪತ್ರಿಕೆಯನ್ನು ಕೈಗೆತ್ತಿಕೊಂಡೆ.

ವಿಮಾನದ ಹೆಸರು ಮೆಸ್ಸರ್‌ಸ್ಮಿಟ್ 163, ಅಡ್ಡಹೆಸರು ಕೋಮೆಟ್. ಎಂದರೆ ಧೂಮಕೇತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯವರು ಕಟ್ಟಿದ್ದು. ಯುದ್ಧದಲ್ಲಿ ನಿಯಮಿತವಾಗಿ ಬಳಕೆಯಾದ ರಾಕೆಟ್ ಎಂಜಿನ್ನಿನ ಫೈಟರ್ ವಿಮಾನ ಇದೊಂದೇ. ಆಕಾರ ಅಲೆಕ್ಸಾಂಡರ್ ಲಿಪ್ಪಿಶ್ ಎಂಬ ವಿನ್ಯಾಸಕಾರನದು. 1941ರ ಅಕ್ಟೋಬರ್ 2ರಂದು ಹೈನಿ ಡಿಟ್ಮಾರ್ ಎಂಬ ಪೈಲಟ್ ಇದರ ಮೊದಲ ಮಾದರಿಯಲ್ಲಿ ಕೂತು ಗಂಟೆಗೆ 1000 ಕಿಲೋಮೀಟರ್ ವೇಗವನ್ನು ದಾಟಿದ. ಯುದ್ಧಕ್ಕೆ ಬಂದ ಮಾದರಿಯ ವೇಗ ಗಂಟೆಗೆ ಸುಮಾರು 950 ಕಿಲೋಮೀಟರ್. ನೆಲ ಬಿಟ್ಟು ಮೂರೂವರೆ ನಿಮಿಷಕ್ಕೆ ಸುಮಾರು 12,000 ಮೀಟರ್ ಎತ್ತರ. ಎರಡು ಫಿರಂಗಿ, ಒಂದೊಂದಕ್ಕೆ 60 ಗುಂಡು. ಎಂಜಿನ್ ಪೂರ್ತಿ ಉರಿದರೆ ಇಂಧನ ಏಳೂವರೆ ನಿಮಿಷಕ್ಕೆ ಖಾಲಿ. ಏಳೂವರೆ ವರ್ಷ ಕಾಡುವ ಶನಿ ನಮಗೆಲ್ಲ ಗೊತ್ತು. ಏಳೂವರೆ ನಿಮಿಷದಲ್ಲಿ ಕೆಲಸ ಮುಗಿಸುವ ಶನಿಯ ಬಗ್ಗೆ ನಾನು ಕೇಳಿದ್ದು ಆಗಲೇ.

ಈ ಅಂಕಿಗಳನ್ನೆಲ್ಲ ಹುಡುಗ ಮಗ್ಗಿಯ ಹಾಗೆ ಒಪ್ಪಿಸಿದ. ಪುಸ್ತಕ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ನಿಜ ಹೇಳಬೇಕೆಂದರೆ ಇಂಥ ಆಟ ಕಟ್ಟುವವರ ಶ್ರದ್ಧೆ ಕಂಡು ನನಗೆ ನಾಚಿಕೆಯೇ ಆಯಿತು. 1991ರಷ್ಟು ಹಿಂದೆಯೇ 'ಸೀಕ್ರೆಟ್ ವೆಪನ್ಸ್ ಆಫ್ ದ ಲುಫ್ಟ್‌ವಾಫ' ಎಂಬ ಕಂಪ್ಯೂಟರ್ ಆಟದಲ್ಲಿ ಈ ಕೋಮೆಟ್ಟನ್ನು ಹಾರಿಸಬಹುದಿತ್ತಂತೆ. ಆಟದ ಜೊತೆಗೆ ಇತಿಹಾಸ ತುಂಬಿದ ದಪ್ಪ ಪುಸ್ತಕವನ್ನೂ ಕೊಡುತ್ತಿದ್ದರು. ಆಮೇಲೆ 'ಐಎಲ್-2 ಸ್ಟರ್ಮೋವಿಕ್ 1946' ಬಂತು, 'ವಾರ್ ಥಂಡರ್' ಬಂತು. ಹುಡುಗನ ಹತ್ತಿರ ಇವೆರಡೂ ಇವೆ. ಕೋಮೆಟ್ಟಿಗೆ ಸ್ವಂತ ಚಕ್ರವಿಲ್ಲ. ಗಾಲಿಯ ಚೌಕಟ್ಟೊಂದರ ಮೇಲೆ ಕೂತು ಓಡಿ, ನೆಲ ಬಿಟ್ಟ ಕೂಡಲೇ ಅದನ್ನು ಕಳಚಿ ಬೀಳಿಸಿ, ಇಳಿಯುವಾಗ ಹೊಟ್ಟೆಯಡಿಯ ಜಾರುಪಟ್ಟಿಯ ಮೇಲೆ ಹುಲ್ಲಿನಲ್ಲಿ ಜಾರಿಕೊಂಡು ಬರಬೇಕು. ಹುಡುಗನ ಪರದೆಯಲ್ಲಿ ಗಾಲಿ ಕಳಚಿ ಬಿದ್ದದ್ದನ್ನು ನಾನೇ ಕಂಡೆ. ಹಾರಿಸುವುದಕ್ಕೆ ಈ ವಿಮಾನ ಬಹಳ ಸೊಗಸು ಎಂದು ಹಾರಿಸಿದವರೇ ಹೊಗಳಿದ್ದಾರೆ. ಆಟದಲ್ಲಿಯೂ ಅದು ಮಾತು ಕೇಳುವ ಕರುವಿನಂತೆಯೇ ಇತ್ತು. ಅಲ್ಲಿಗೆ ನೂರಕ್ಕೆ ತೊಂಬತ್ತು ಅಂಕ ಕೊಡಲೇಬೇಕಾಯಿತು.

ಉಳಿದ ಹತ್ತು ಅಂಕ ನನ್ನ ನಿದ್ದೆ ಕೆಡಿಸಿತು.

ಮೊದಲು ಇಂಧನದ ವಿಷಯ. ಅದು ಪೆಟ್ರೋಲ್ ಅಲ್ಲ, ಎರಡು ಬೇರೆ ಬೇರೆ ದ್ರವಗಳು. ಒಂದರ ಹೆಸರು ಟಿ-ಸ್ಟಾಫ್, ಇನ್ನೊಂದು ಸಿ-ಸ್ಟಾಫ್. ಬಿಎ ಓದಿದ ನನಗೆ ರಸಾಯನಶಾಸ್ತ್ರ ದೂರ. ಹಾಗಾಗಿ ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರಿಗೆ ಫೋನು ಮಾಡಿದೆ. ಅವರು ನಕ್ಕು, "ನಿಮ್ಮ ಪ್ರಥಮ ಚಿಕಿತ್ಸೆ ಡಬ್ಬಿ ತೆಗೆದು ನೋಡಿ ಮೇಡಂ" ಎಂದರು. ಕಬಡ್ಡಿಯಲ್ಲಿ ಮಂಡಿ ತರಚಿಕೊಂಡು ಬಂದ ಹುಡುಗರ ಗಾಯಕ್ಕೆ ಹಚ್ಚಿದರೆ ಬುಸಬುಸನೆ ನೊರೆ ಬರುತ್ತದಲ್ಲ, ಆ ಹೈಡ್ರೋಜನ್ ಪೆರಾಕ್ಸೈಡ್. ನಮ್ಮ ಡಬ್ಬಿಯಲ್ಲಿರುವುದು ನೀರು ಬೆರೆಸಿದ ತೆಳು ದ್ರಾವಣ. ಕೋಮೆಟ್ಟಿನಲ್ಲಿದ್ದದ್ದು ನೂರಕ್ಕೆ ಸುಮಾರು 80ರಷ್ಟು ಸಾಂದ್ರ. ಬಟ್ಟೆ, ಚರ್ಮ, ಮರ, ಯಾವುದಕ್ಕೆ ತಾಗಿದರೂ ಅದನ್ನು ಸುಡುತ್ತದೆ. ಸಿ-ಸ್ಟಾಫಿನ ಜೊತೆ ಸೇರಿದರೆ ಕಿಡಿ ಬೇಕಿಲ್ಲ, ತಾನೇ ಹತ್ತಿಕೊಳ್ಳುತ್ತದೆ. ಅತ್ತೆ ಸೊಸೆಯನ್ನು ಬೇರೆ ಬೇರೆ ಮನೆಯಲ್ಲಿಟ್ಟ ಹಾಗೆ ಎರಡಕ್ಕೂ ಬೇರೆ ಬೇರೆ ಲಾರಿ. ಒಂದು ತುಂಬಿಸಿ ದೂರ ಹೋದ ಮೇಲೆಯೇ ಇನ್ನೊಂದು ಹತ್ತಿರ ಬರಬೇಕು. ಚೆಲ್ಲಿದರೆ ತೊಳೆಯುವುದಕ್ಕೆ ಆಳುಗಳು ನೀರಿನ ಪೈಪು ಹಿಡಿದು ನಿಂತಿರಬೇಕು. ಇಂಥ ಎರಡು ಟನ್ ದ್ರವ ಹೊತ್ತ ವಿಮಾನದಲ್ಲಿ, ಪೈಲಟ್ಟಿನ ಎಡಕ್ಕೂ ಬಲಕ್ಕೂ ಟಿ-ಸ್ಟಾಫಿನ ತೊಟ್ಟಿಗಳು. 1943ರ ಡಿಸೆಂಬರ್ 30ರಂದು ಯೋಸೆಫ್ ಪ್ಯೋಸ್ ಎಂಬ ಪೈಲಟ್ ಏರುವಾಗಲೇ ಅಪಘಾತವಾಗಿ ಸತ್ತ. ಇಂಥ ಸಾವುಗಳಲ್ಲಿ ಆ ದ್ರವ ದೇಹವನ್ನು ಏನು ಮಾಡಿತೆಂದು ಓದಿದೆ. ಅದನ್ನು ಇಲ್ಲಿ ಬರೆಯಲಾರೆ.

ಇನ್ನೊಂದು ವಿಷಯ ನಮ್ಮಂಥ ಅಡಿಗೆಮನೆಯವರಿಗೆ ಬೇಗ ಅರ್ಥವಾಗುವಂಥದ್ದು. ಮೂರೂವರೆ ನಿಮಿಷದಲ್ಲಿ ಅಷ್ಟು ಎತ್ತರ ಏರುವಾಗ, ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರದ ಕಾರಣ, ಹೊಟ್ಟೆಯೊಳಗಿನ ವಾಯು ಉಬ್ಬಿ ಪ್ರಾಣ ಹಿಂಡುತ್ತಿತ್ತು. ಹಾಗಾಗಿ ಪೈಲಟ್ಟುಗಳಿಗೆ ವಾಯುವಾಗದ ಪಥ್ಯದ ಊಟ. ಹುರುಳಿ, ಅವರೆ, ಹಲಸು ಎಲ್ಲ ವರ್ಜ್ಯ ಎನ್ನಿ. "ನಿನ್ನ ಸಿಮ್ಯುಲೇಟರಿನಲ್ಲಿ ಇದುಂಟೋ?" ಎಂದು ಹಪ್ಪಳದ ತಟ್ಟೆ ಎಳೆದುಕೊಂಡೆ. ಹುಡುಗ ನಕ್ಕ. ಆದರೆ ಆಟವನ್ನು ಒಂದು ಗಳಿಗೆ ನಿಲ್ಲಿಸಿದ.

"ನಾಲ್ಕು ಬಾಂಬರ್ ಹೊಡೆದೆ ಅಂದೆಯಲ್ಲ," ಎಂದು ನಾನು ಮುಂದುವರಿಸಿದೆ, "ನಿಜದಲ್ಲಿ ಎಷ್ಟು ಹೊಡೆದರು ಗೊತ್ತಾ?" ಮುನ್ನೂರಕ್ಕೂ ಹೆಚ್ಚು ಕೋಮೆಟ್ ಕಟ್ಟಿದರು. ಅವು ಕೆಡವಿದ ವಿಮಾನಗಳನ್ನು ಧಾರಾಳವಾಗಿ ಎಣಿಸಿದರೂ ಹದಿನಾರರ ಆಚೆ ದಾಟಿಸುವುದು ಕಷ್ಟ. ಕಾರಣ ಆ ವೇಗವೇ. ನಿಧಾನ ಹೋಗುವ ಬಾಂಬರಿನ ಮೇಲೆ ಅಷ್ಟು ವೇಗದಲ್ಲಿ ಎರಗಿದರೆ ಗುರಿ ಹಿಡಿಯಲು ಸಿಗುವುದು ಎರಡು ಮೂರು ಸೆಕೆಂಡು. ಗುಂಡಿಗೋ ಅಷ್ಟು ವೇಗವಿಲ್ಲ, ಹತ್ತಿರ ಹೋಗದೆ ವಿಧಿಯಿಲ್ಲ. ಹೊಡೆಯುವಷ್ಟರಲ್ಲಿ ಗುರಿಯನ್ನು ದಾಟಿ ಹೋಗಿರುತ್ತದೆ. ಇಂಧನ ಮುಗಿದ ಮೇಲೆ ಅದು ಬರೀ ಗ್ಲೈಡರ್. ಒಂದೇ ಸಲಕ್ಕೆ ಇಳಿಯಬೇಕು, ತಪ್ಪಿದರೆ ಮತ್ತೊಂದು ಸುತ್ತು ಹಾಕಿ ಬರುವಂತಿಲ್ಲ. ಇಳಿದ ಮೇಲೂ ಚಕ್ರವಿಲ್ಲದ ಕಾರಣ ಟ್ರಾಕ್ಟರಿನಂಥ ಗಾಡಿ ಬಂದು ಎತ್ತಿಕೊಂಡು ಹೋಗುವವರೆಗೆ ಬಯಲಿನಲ್ಲಿ ಬಿದ್ದ ಮೀನು. ಮೇಲಿನಿಂದ ಶತ್ರು ಬಂದರೆ ಅಲ್ಲೇ ಮುಗಿಯಿತು. ಸಾವಿರ ಕಿಲೋಮೀಟರ್ ದಾಟಿದ ಡಿಟ್ಮಾರ್ ಕೂಡ ಆಮೇಲೊಮ್ಮೆ ಇಳಿಯುವ ಆಘಾತಕ್ಕೆ ಬೆನ್ನುಹುರಿಯ ಪೆಟ್ಟು ತಿಂದು ದೀರ್ಘಕಾಲ ಆಸ್ಪತ್ರೆಯಲ್ಲಿದ್ದ. ಶತ್ರುವಿನ ಕೈಯಲ್ಲಿ ಸತ್ತವರಿಗಿಂತ ಏರುವಾಗ ಇಳಿಯುವಾಗ ಸತ್ತವರೇ ಹೆಚ್ಚು.

ವಾರ್ ಥಂಡರಿನಲ್ಲಿ? ಒಂದು ಬಗೆಯ ಆಟದಲ್ಲಿ ಗುಂಡು ಮುಗಿದರೆ ಗಾಳಿಯಲ್ಲೇ ಮತ್ತೆ ತುಂಬಿಕೊಳ್ಳುತ್ತದೆ, ದ್ರೌಪದಿಯ ಅಕ್ಷಯಪಾತ್ರೆಯ ಹಾಗೆ. "ಅದು ಆರ್ಕೇಡ್ ದೊಡ್ಡಮ್ಮ, ಮಕ್ಕಳಾಟ. ರಿಯಲಿಸ್ಟಿಕ್ ಬೇರೆ ಇದೆ" ಎಂದು ಅದನ್ನು ತೋರಿಸಿದ. ಅಲ್ಲಿ ಕೋಮೆಟ್ಟಿನ ಎದುರು ಬಂದದ್ದು 1950ರ ದಶಕದ ಜೆಟ್ ವಿಮಾನಗಳು! ಜರ್ಮನಿ ಸೋತು ಐದು ವರ್ಷವಾದ ಮೇಲಿನವು. ಟಿಪ್ಪು ಸುಲ್ತಾನನ ಎದುರು ಝಾನ್ಸಿ ರಾಣಿಯನ್ನು ನಿಲ್ಲಿಸಿದ ಉತ್ತರಪತ್ರಿಕೆಯನ್ನು ನಾನು ತಿದ್ದಿದ್ದುಂಟು. ಆ ಹುಡುಗನಿಗೆ ಸೊನ್ನೆ ಕೊಟ್ಟಿದ್ದೆ.

ಅದೇ ಆಟದಲ್ಲಿ ಕೋಮೆಟ್ಟಿನ ಜಪಾನಿ ತಮ್ಮನೂ ಇದ್ದಾನೆ. ಅವನ ಕತೆಯಲ್ಲಿ ನಮ್ಮವರೊಬ್ಬರ ನೆರಳಿರುವುದರಿಂದ ಹೇಳಲೇಬೇಕು. ಸುಭಾಷ್‌ಚಂದ್ರ ಬೋಸರು 1943ರಲ್ಲಿ ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ಹೊರಟು, ಮಡಗಾಸ್ಕರಿನ ಹತ್ತಿರ ನಡುಗಡಲಿನಲ್ಲಿ ಜಪಾನಿ ಜಲಾಂತರ್ಗಾಮಿಗೆ ದಾಟಿಕೊಂಡರು ಎಂದು ನಾವು ಪಾಠ ಮಾಡುತ್ತೇವೆ. ಆ ಜಪಾನಿ ಹಡಗಿನ ಹೆಸರು ಐ-29. ಅದೇ ಐ-29 ಮರುವರ್ಷ ಯೂರೋಪಿಗೆ ಹೋಗಿ ಕೋಮೆಟ್ಟಿನ ನಕ್ಷೆಗಳನ್ನು ಹೊತ್ತು ತರುತ್ತಿತ್ತು. 1944ರ ಜುಲೈ 26ರಂದು ಅಮೆರಿಕದ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ಸಿಂಗಪುರದಲ್ಲೇ ಇಳಿದು ವಿಮಾನ ಹಿಡಿದಿದ್ದ ಅಧಿಕಾರಿಯೊಬ್ಬ ಕೈಯಲ್ಲಿ ಒಯ್ದ ಅಲ್ಪಸ್ವಲ್ಪ ಕಾಗದಗಳ ಆಧಾರದ ಮೇಲೆ ಜಪಾನಿಯರು ತಮ್ಮದೇ ವಿಮಾನ ಕಟ್ಟಿದರು. ಅದಕ್ಕೆ ಶೂಸುಯಿ ಎಂದು ಹೆಸರಿಟ್ಟರು. ಎಂಜಿನ್ ಹಚ್ಚಿಕೊಂಡು ಅದು ಹಾರಿದ್ದು ಒಂದೇ ಸಲ, 1945ರ ಜುಲೈ 7ರಂದು. ಏರುತ್ತಿರುವಾಗಲೇ ಎಂಜಿನ್ ನಿಂತು, ಹಿಂದಿರುಗಿ ಇಳಿಯುವಾಗ ಕಟ್ಟಡವೊಂದಕ್ಕೆ ತಾಗಿತು. ಪೈಲಟ್ ತೊಯೊಹಿಕೊ ಇನುಜುಕಾ ಮರುದಿನ ತೀರಿಕೊಂಡ. ಬದುಕಿನಲ್ಲಿ ಒಮ್ಮೆ ಹಾರಿ ಒಮ್ಮೆ ಬಿದ್ದ ಆ ವಿಮಾನ ನಮ್ಮ ಮನೆಯ ಒಳಕೋಣೆಯಲ್ಲಿ ಒಂದೇ ಸಂಜೆ ಹತ್ತು ಸಲ ಹಾರಿತು.

ಇಷ್ಟನ್ನೂ ಪಾಯಿಂಟ್ ಮಾಡಿ ಹುಡುಗನ ಮುಂದಿಟ್ಟೆ. ಗೆದ್ದ ಹೆಮ್ಮೆ ನನ್ನ ಮುಖದಲ್ಲಿ ಕಂಡಿರಬೇಕು. ಅವನು ಕೋಲಿನಿಂದ ಕೈ ತೆಗೆದು ಹೇಳಿದ: "ಎಲ್ಲಾ ಇದ್ದ ಹಾಗೇ ಮಾಡಿದ್ರೆ ಯಾರು ಆಡ್ತಾರೆ ದೊಡ್ಡಮ್ಮ? ಅದು ಬಿಡು. ನಿನ್ನ ಪಾಠದಲ್ಲಿ ಆ ಯುದ್ಧ ಎಷ್ಟು ಪುಟ ಇದೆ? ಕಾರಣಗಳು ಐದು, ಪರಿಣಾಮಗಳು ಐದು. ಕೋಟಿಗಟ್ಟಲೆ ಜನ ಸತ್ತರು ಅಂತ ಒಂದು ಪಾಯಿಂಟು. ಅದಕ್ಕೆ ಅರ್ಧ ಮಾರ್ಕು. ಅದು ಅಕ್ಯುರೇಟಾ?"

ಪ್ರಾಯದ ಹುಡುಗರು ಉತ್ತರ ಕೊಟ್ಟರೆ ಸಿಟ್ಟು ಬರುತ್ತದೆ. ಸರಿಯಾದ ಉತ್ತರ ಕೊಟ್ಟರೆ ಸಿಟ್ಟು ಹೆಚ್ಚು ಬರುತ್ತದೆ. ನಾನು ಕಾಫಿ ಮಾಡುವ ನೆವದಲ್ಲಿ ಎದ್ದು ಬಂದೆ. ಹಾಲು ಉಕ್ಕಿ ಒಲೆಗೆ ಬಿದ್ದದ್ದೂ ತಿಳಿಯಲಿಲ್ಲ.

ಆ ರಾತ್ರಿ ಮತ್ತೆ ಓದುತ್ತಾ ಕೂತೆ. ಈ ವಿಮಾನವನ್ನು ಹೆಂಗಸರು ಯಾರಾದರೂ ಹಾರಿಸಿದ್ದರೇ ಎಂಬ ಕುತೂಹಲ ಬೇರೆ. ಹಾರಿಸಿದ್ದಳು. ಹನ್ನಾ ರೈಟ್ಷ್, ಜರ್ಮನಿಯ ಪ್ರಸಿದ್ಧ ಪರೀಕ್ಷಾ ಪೈಲಟ್. 1942ರ ಅಕ್ಟೋಬರ್ 30ರಂದು ಎಂಜಿನ್ ಹಚ್ಚದ ಕೋಮೆಟ್ಟನ್ನು ಇನ್ನೊಂದು ವಿಮಾನ ಎಳೆದುಕೊಂಡು ಏರಿತ್ತು. ಕಳಚಬೇಕಾದ ಗಾಲಿ ಕಳಚಲಿಲ್ಲ. ಹಾರಿಕೊಂಡು ಪ್ರಾಣ ಉಳಿಸಿಕೊಳ್ಳದೆ ವಿಮಾನವನ್ನು ಉಳಿಸಲು ನೋಡಿದಳು. ನೆಲಕ್ಕೆ ಅಪ್ಪಳಿಸಿ ತಲೆಬುರುಡೆಯೇ ಬಿರಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಳು. ಓದುತ್ತ ಓದುತ್ತ ನನ್ನ ಎದೆ ಉಬ್ಬಿತು, ನೋಡಿ ಹೆಂಗಸಿನ ಧೈರ್ಯವನ್ನು ಎಂದು. ಮುಂದಿನ ಪುಟದಲ್ಲಿ ಆಕೆ 1945ರ ಏಪ್ರಿಲ್‌ನಲ್ಲಿ ಉರಿಯುವ ಬರ್ಲಿನ್ನಿಗೆ ವಿಮಾನದಲ್ಲಿ ಹೋದದ್ದು, ನೆಲಮಾಳಿಗೆಯಲ್ಲಿದ್ದ ಹಿಟ್ಲರನನ್ನು ಕಂಡದ್ದು, ಅವನ ಮೇಲಿನ ಅವಳ ಭಕ್ತಿ. ಉಬ್ಬಿದ ಎದೆ ಇಳಿಯಿತು. ಧೈರ್ಯಕ್ಕೂ ಕುರುಡಿಗೂ ಒಂದೇ ಮೈ ಸಾಕಾಗುತ್ತದೆ ಎಂಬುದನ್ನು ಯಾವ ಐದು ಪಾಯಿಂಟಿನೊಳಗೆ ಸೇರಿಸುವುದು?

ಹುಡುಗನ ಪರದೆಯ ವಿಮಾನದ ಬಾಲದ ಮೇಲೆ ನಾಜಿಗಳ ಸ್ವಸ್ತಿಕ ಇರಲಿಲ್ಲವೆಂಬುದು ಆಗ ನೆನಪಾಯಿತು. ಜರ್ಮನಿಯಲ್ಲಿ ಅದನ್ನು ತೋರಿಸುವುದಕ್ಕೆ ಕಾನೂನಿನ ಅಡ್ಡಿಯಿರುವುದರಿಂದ ಇಂಥ ಆಟಗಳವರು ಸಾಮಾನ್ಯವಾಗಿ ಅದನ್ನು ಬಿಡುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಒಂದೊಂದು ಮೊಳೆಯೂ ಸರಿಯಿದ್ದು ಅದೊಂದು ಗುರುತು ಹೋದಾಗ, ವಿಮಾನ ಯಾರದೂ ಅಲ್ಲದ ಚಂದದ ಗೊಂಬೆಯಾಗಿಬಿಡುತ್ತದೆ. ಯಾರಿಗಾಗಿ, ಯಾರು ಕಟ್ಟಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಯಾರು ಕಟ್ಟಿದರು ಎಂಬುದಕ್ಕೆ ಉತ್ತರ ಅಮೆರಿಕದ ಡೇಟನ್ ಎಂಬ ಊರಿನಲ್ಲಿದೆ. ಅಲ್ಲಿಯ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಕೋಮೆಟ್ ನಿಂತಿದೆ. ಮೊದಲು ಕೆನಡಾದಲ್ಲಿದ್ದದ್ದು. ಅದನ್ನು ರಿಪೇರಿಗೆಂದು ಬಿಚ್ಚಿದಾಗ ಇಂಧನದ ತೊಟ್ಟಿಗೂ ಅದನ್ನು ಬಿಗಿದ ಪಟ್ಟಿಗೂ ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿತು. ತಾನಾಗಿ ಬಿದ್ದದ್ದಲ್ಲ, ಸಿಕ್ಕಿಸಿದ್ದು. ಹಾರುವಾಗಿನ ನಡುಕಕ್ಕೆ ಉಜ್ಜಿ ಉಜ್ಜಿ ತೊಟ್ಟಿ ತೂತಾಗಲಿ ಎಂದು. ರೆಕ್ಕೆಯ ಅಂಟಿನಲ್ಲೂ ಕಲಬೆರಕೆಯ ಗುರುತು. ವಿಮಾನದ ಹೊಟ್ಟೆಯೊಳಗೆ, ಹೊರಗಿನಿಂದ ಯಾರಿಗೂ ಕಾಣದ ಜಾಗದಲ್ಲಿ, ಫ್ರೆಂಚ್ ಭಾಷೆಯಲ್ಲಿ ಬರೆದ ದೇಶಾಭಿಮಾನದ ಮಾತು. ಜರ್ಮನಿಯವರು ಬಲವಂತವಾಗಿ ದುಡಿಸಿಕೊಂಡ ಫ್ರೆಂಚ್ ಕೆಲಸಗಾರರು ಇದನ್ನು ಜೋಡಿಸಿರಬೇಕು ಎಂದು ಸಂಗ್ರಹಾಲಯದವರು ತಿಳಿದಿದ್ದಾರೆ.

ರಾತ್ರಿ ಹನ್ನೊಂದಾಗಿತ್ತು. ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಸಿಕ್ಕಿಬಿದ್ದರೆ ಆ ಕೈಗೆ ನೇಣು. ಆದರೂ ಇಟ್ಟಿತು. ಏಳೂವರೆ ನಿಮಿಷದ ಆ ವಿಮಾನದಲ್ಲಿ ನಾನು ಓದಿದ ಅಂಕಿಗಳೆಲ್ಲ ಅದನ್ನು ಹಾರಿಸಿದವರದು, ವಿನ್ಯಾಸ ಮಾಡಿದವರದು. ಕಲ್ಲಿಟ್ಟವನದೆಂದು ಒಂದು ಅಂಕಿಯೂ ಇಲ್ಲ. ಇನ್ನೊಂದು ಕಡೆ, ಅವನು ಇಟ್ಟ ಕಲ್ಲು ಕೆಲಸ ಮಾಡಿದ್ದರೆ ಸಾಯುತ್ತಿದ್ದದ್ದು ಹಿಟ್ಲರನಲ್ಲ. ಒಳಕೋಣೆಯಲ್ಲಿ ಬಾಯಿ ತೆರೆದು ಮಲಗಿದ್ದ ನಮ್ಮ ಹುಡುಗನಿಗಿಂತ ನಾಲ್ಕು ವರ್ಷ ದೊಡ್ಡ ಹುಡುಗ ಯಾವನೋ. ಇವನೂ ವಾಯುಪಡೆಗೆ ಸೇರುತ್ತೇನೆಂದು ಅಪ್ಲಿಕೇಶನ್ ತುಂಬಿದ್ದಾನೆ. ತಂಗಿ ನನ್ನ ಹತ್ತಿರ ಕಳಿಸಿದ್ದೇ "ಅಕ್ಕಾ, ನೀನಾದರೂ ಬುದ್ಧಿ ಹೇಳು" ಎಂದು.

ಬೆಳಿಗ್ಗೆ ದೋಸೆ ಹಾಕುತ್ತಾ ಹುಡುಗನಿಗೆ ಕಲ್ಲಿನ ಕತೆ ಹೇಳಿದೆ. ಬುದ್ಧಿ ಹೇಳಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, "ಸಿಮ್ಯುಲೇಟರಿನಲ್ಲಿ ಆಗಾಗ ತಾನಾಗೇ ಏನಾದರೂ ಕೆಡೋ ಹಾಗೆ ಇಡಬಹುದು ದೊಡ್ಡಮ್ಮ. ಟ್ಯಾಂಕ್ ಲೀಕ್ ಆಗೋದನ್ನೂ ಹಾಕಬಹುದು" ಎಂದ. ಮತ್ತೆ ತಾನೇ, "ಆದ್ರೆ ಅದು ಬರೀ ಲೀಕ್ ಅಂತಷ್ಟೇ ಆಗುತ್ತೆ" ಎಂದು ಸೇರಿಸಿದ. ಆ ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ. ಮರುದಿನ ತೆರೆದ ಅನ್ನಿ.

ಜೂನ್‌ನಲ್ಲಿ ಶಾಲೆ ತೆರೆಯಿತು. ಆ ಪಾಠ ಬಂದ ದಿನ ಕಾರಣಗಳು ಐದು, ಪರಿಣಾಮಗಳು ಐದನ್ನು ಬರೆಸಿಯೇ ಬರೆಸಿದೆ. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ, ಮಕ್ಕಳ ಹೊಟ್ಟೆಯ ಮೇಲೆ ಹೊಡೆಯಲಾರೆ. ಉಳಿದ ಇಪ್ಪತ್ತು ನಿಮಿಷದಲ್ಲಿ ಈ ವಿಮಾನದ ಕತೆ ಹೇಳಿದೆ. ವೇಗ, ಎತ್ತರ ಹೇಳುವಾಗ ಹುಡುಗರ ಕಣ್ಣು ಅಗಲವಾದವು. ಪಥ್ಯದ ಊಟಕ್ಕೆ ಹಿಂದಿನ ಬೆಂಚು ಬಿದ್ದು ಬಿದ್ದು ನಕ್ಕಿತು. ಕಲ್ಲಿನ ಕತೆಗೆ ಎಲ್ಲ ಸುಮ್ಮನಾದರು. ಎರಡನೆಯ ಸಾಲಿನಲ್ಲಿ ಕೂರುವ, ಮಾತೇ ಆಡದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಕಲ್ಲಿಟ್ಟವರು ಮಾಡಿದ್ದು ಸರಿಯಾ, ತಪ್ಪಾ?"

ಇಷ್ಟು ವರ್ಷದಲ್ಲಿ ಆ ಪಾಠದಿಂದ ಎದ್ದ ಮೊದಲ ಪ್ರಶ್ನೆ ಅದು. 'ಪುಟ ಎಷ್ಟು ಮೇಡಂ', 'ಇಂಪಾರ್ಟೆಂಟಾ ಮೇಡಂ' ಎಂಬುವನ್ನು ನಾನು ಪ್ರಶ್ನೆ ಎಂದು ಎಣಿಸಿಲ್ಲ. ಬೆಲ್ ಆಯಿತು. "ನೀವೇ ಯೋಚನೆ ಮಾಡಿ, ನಾಳೆ ಎಲ್ಲರೂ ಹೇಳಿ" ಎಂದೆ. ಮರುದಿನ ಮುಕ್ಕಾಲು ಗಂಟೆ ತರಗತಿ ಎರಡು ಪಕ್ಷವಾಗಿ ಗದ್ದಲ ಮಾಡಿತು. ಪಕ್ಕದ ಕೋಣೆಯಿಂದ ಗಣಿತದ ಮೇಷ್ಟರು ಇಣುಕಿ, ಮೇಡಂ ಇದ್ದಾರೋ ಇಲ್ಲವೋ ಎಂದು ನೋಡಿ ಹೋದರು.

ಮೊನ್ನೆ ಹುಡುಗ ಫೋನು ಮಾಡಿದ್ದ. ಈಗ ಒಂದು ನಿಯಮ ಮಾಡಿಕೊಂಡಿದ್ದಾನಂತೆ. ಒಂದು ಸಲ ಸತ್ತರೆ ಆ ವಾರವಿಡೀ ಆಟ ಬಂದ್. ಹಾಗಾಗಿ ಈಗೀಗ ಬಾಂಬರಿನ ಗೊಡವೆಗೆ ಹೋಗುವುದು ಕಡಿಮೆ. ಏರುವುದು, ಇಂಧನ ಮುಗಿದ ಮೇಲೆ ಸದ್ದಿಲ್ಲದೆ ತೇಲುವುದು, ಹುಲ್ಲಿನ ಮೇಲೆ ಸರಿಯಾಗಿ ಇಳಿಸುವುದು. "ಇಳಿಸೋದು ಇದೆಯಲ್ಲ ದೊಡ್ಡಮ್ಮ, ಅದೇ ಕಷ್ಟ. ಹದಿನಾಲ್ಕು ಸಲ ಸರಿಯಾಗಿ ಇಳಿಸಿದೀನಿ" ಎಂದ. ಆಟ ಕಡಿಮೆಯಾಯಿತೆಂದು ತಂಗಿ ನನಗೆ ಥ್ಯಾಂಕ್ಸ್ ಹೇಳಿದಳು. ವಾಯುಪಡೆಯ ಅಪ್ಲಿಕೇಶನ್ ಮಾತ್ರ ಅವನು ವಾಪಸು ತೆಗೆದುಕೊಂಡಿಲ್ಲ.

ನಾನೂ ಅದನ್ನು ಕೇಳಲಿಲ್ಲ. ಇಳಿಸುವಾಗ ಜೋಪಾನ ಎಂದಷ್ಟೇ ಹೇಳಿ ಫೋನಿಟ್ಟೆ.